ಹತ್ತಿರದ ದಾರಿಯೇ ಹಗುರದ ದಾರಿಯಲ್ಲ

ಸಂಜೆ ಕುಕ್ಕರಹಳ್ಳಿ ಕೆರೆಯ ಕಡೆ ವಾಯುವಿಹಾರಕ್ಕೆ ಹೋಗುವುದು ನನ್ನ ಹಳೆಯ ಅಭ್ಯಾಸ. ಕೆಲವು ತಿಂಗಳ ಹಿಂದೆ ಹಾಗೆ ಹೊರಟಾಗ ರಸ್ತೆಯ ಅಂಚಿನಲ್ಲಿ ಸರಕು ತುಂಬಿದ ಎಲೆಕ್ಟ್ರಿಕ್ ಆಟೋ ಒಂದು ನಿಂತಿತ್ತು. ಅದರ ಪಕ್ಕ ತಲೆಯ ಮೇಲೆ ಕೈ ಹೊತ್ತು ಕೂತಿದ್ದ ಯುವಕ ನನ್ನನ್ನು ಕಂಡು ದಡಕ್ಕನೆ ಎದ್ದ.

‘ನಮಸ್ಕಾರ ಸಾರ್, ಗುರುತು ಸಿಕ್ತಾ?’

ಸಿಕ್ಕಿತು. ಹದಿನೈದು ವರ್ಷದ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ‘ಏನಪ್ಪಾ, ಕೆಟ್ಟು ನಿಂತಿದೆಯಾ?’ ಎಂದೆ.

‘ಕೆಟ್ಟಿಲ್ಲ ಸಾರ್. ಚಾರ್ಜು ಮುಗೀತು. ಇನ್ನೂ ಮೂರು ಅಂಗಡಿಗೆ ಸಾಮಾನು ಕೊಡ್ಬೇಕಿತ್ತು.’

ದಿನಸಿ ಸಗಟು ವ್ಯಾಪಾರಿಯೊಬ್ಬರ ಗೋದಾಮಿನಿಂದ ಅಂಗಡಿ ಅಂಗಡಿಗೆ ಸರಕು ಮುಟ್ಟಿಸುವುದು ಅವನ ಕೆಲಸ. ಗಾಡಿ ಅವನದೇ, ಸಾಲದ ಮೇಲೆ ಕೊಂಡದ್ದು. ಮುಟ್ಟಿಸಿದ ಅಂಗಡಿಗಷ್ಟೇ ಹಣ. ಮಧ್ಯದಲ್ಲಿ ನಿಂತರೆ ಗಾಡಿಯನ್ನು ಎಳೆಸಿಕೊಂಡು ಹೋಗುವ ಖರ್ಚೂ ಅವನದೇ. ಆ ದಿನದ ದುಡಿಮೆ ಅಲ್ಲಿಗೆ ಹೋಯಿತು.

‘ಬೆಳಗ್ಗೆ ಫುಲ್ ಚಾರ್ಜ್ ಮಾಡಿದ್ದೆ ಸಾರ್. ಓಡ್ಸಿದ್ದೂ ದಿನಾ ಓಡ್ಸೋ ಅಷ್ಟೇ ಕಿಲೋಮೀಟರು. ಯಾಕೆ ಹಿಂಗಾಯ್ತೋ ಗೊತ್ತಿಲ್ಲ’ ಎಂದ.

ಈ ‘ಯಾಕೆ ಹೀಗಾಯಿತು’ ಎಂಬ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಗಣಿತ ಮತ್ತು ಭೌತವಿಜ್ಞಾನ ಕೈಕೈ ಹಿಡಿದು ನಡೆಯುವ ಒಂದು ಸೊಗಸಾದ ಕ್ಷೇತ್ರ ಕಾಣಸಿಗುತ್ತದೆ. ಒಂದಲ್ಲ, ಹತ್ತಾರು ವಿದ್ಯುತ್ ವಾಹನಗಳನ್ನು ಯಾವ ದಾರಿಯಲ್ಲಿ, ಯಾವ ಅನುಕ್ರಮದಲ್ಲಿ, ಎಲ್ಲೆಲ್ಲಿ ಚಾರ್ಜ್ ಮಾಡಿಸಿ ಓಡಿಸಬೇಕು ಎಂಬ ಲೆಕ್ಕವೇ ಅದು.

ಹತ್ತು ಅಂಗಡಿಗೆ ಎಷ್ಟು ದಾರಿ?

ಮೊದಲು ಬ್ಯಾಟರಿಯನ್ನು ಮರೆತುಬಿಡೋಣ. ಗೋದಾಮಿನಿಂದ ಹೊರಟು ಹತ್ತು ಅಂಗಡಿಗಳಿಗೆ ಹೋಗಿ ಮರಳಬೇಕು. ಯಾವ ಅನುಕ್ರಮದಲ್ಲಿ ಹೋದರೆ ಸುತ್ತು ಕಡಿಮೆ? ಮೊದಲ ಅಂಗಡಿಯನ್ನು 10 ರೀತಿಯಲ್ಲಿ ಆರಿಸಬಹುದು. ಎರಡನೆಯದನ್ನು 9 ರೀತಿಯಲ್ಲಿ, ಮೂರನೆಯದನ್ನು 8 ರೀತಿಯಲ್ಲಿ. ಹೀಗೆ ಗುಣಿಸುತ್ತ ಹೋದರೆ 36,28,800 ಅನುಕ್ರಮಗಳಾಗುತ್ತವೆ! ಅಂಗಡಿಗಳು 15 ಆದರೆ ಅವು ಸುಮಾರು 1.3 ಲಕ್ಷ ಕೋಟಿ. 20 ಆದರೆ, ಸೆಕೆಂಡಿಗೆ ನೂರು ಕೋಟಿ ಅನುಕ್ರಮಗಳನ್ನು ಪರೀಕ್ಷಿಸುವ ಕಂಪ್ಯೂಟರಿಗೂ ಎಲ್ಲವನ್ನೂ ನೋಡಿ ಮುಗಿಸಲು ಸುಮಾರು 77 ವರ್ಷ ಬೇಕು. ಅಷ್ಟರಲ್ಲಿ ಗೋದಾಮಿನ ಅಕ್ಕಿಗೆ ಹುಳು ಹಿಡಿದಿರುತ್ತದೆ.

ಆದ್ದರಿಂದಲೇ ಗಣಿತಜ್ಞರು ಎಲ್ಲವನ್ನೂ ಎಣಿಸದೆ ಒಳ್ಳೆಯ ದಾರಿಯನ್ನು ಹುಡುಕುವ ಉಪಾಯಗಳನ್ನು ಕಂಡುಕೊಂಡರು. ಅಮೆರಿಕದಲ್ಲಿ ಜಾರ್ಜ್ ಡಾಂಟ್ಸಿಗ್, ಫುಲ್ಕರ್‌ಸನ್ ಮತ್ತು ಜಾನ್ಸನ್ ಎಂಬ ಮೂವರು 1954ರಲ್ಲಿ 49 ನಗರಗಳನ್ನು ಸುತ್ತಿಬರುವ ಅತಿ ಚಿಕ್ಕ ದಾರಿಯನ್ನು ಸಾಧಿಸಿ ತೋರಿಸಿದರು. ಐದು ವರ್ಷಗಳ ನಂತರ, 1959ರಲ್ಲಿ, ಡಾಂಟ್ಸಿಗ್ ಮತ್ತು ರಾಮ್ಸರ್ ಇನ್ನೊಂದು ಸಮಸ್ಯೆಯನ್ನು ಎತ್ತಿಕೊಂಡರು. ಲಾರಿ ಒಂದಲ್ಲ, ಅನೇಕ. ಪ್ರತಿಯೊಂದಕ್ಕೂ ಹೊರುವ ಮಿತಿ ಉಂಟು. ಯಾವ ಲಾರಿ ಯಾರ ಮನೆ ಬಾಗಿಲಿಗೆ ಹೋಗಬೇಕು? ಅವರು ತೆಗೆದುಕೊಂಡ ಉದಾಹರಣೆ ಯಾವುದು ಗೊತ್ತೆ? ಪೆಟ್ರೋಲ್ ಬಂಕುಗಳಿಗೆ ಪೆಟ್ರೋಲ್ ಹಂಚುವ ಲಾರಿಗಳು! ಪೆಟ್ರೋಲಿಗಾಗಿ ಹುಟ್ಟಿದ ಲೆಕ್ಕ ಇಂದು ಪೆಟ್ರೋಲೇ ಬೇಡದ ವಾಹನಗಳಿಗೆ ದಾರಿ ತೋರಿಸುತ್ತಿದೆ.

1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಎಂಬುವರು ಕೊಟ್ಟ ಉಪಾಯವಂತೂ ಎಂಟನೇ ತರಗತಿಯ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಅದರ ಹೆಸರೇ ‘ಉಳಿತಾಯ ವಿಧಾನ’. ಗೋದಾಮಿನಿಂದ ಒಂದು ಅಂಗಡಿ 6 ಕಿ.ಮೀ., ಇನ್ನೊಂದು 7 ಕಿ.ಮೀ. ದೂರದಲ್ಲಿವೆ ಎನ್ನಿ. ಆ ಎರಡು ಅಂಗಡಿಗಳ ನಡುವೆ 3 ಕಿ.ಮೀ. ಬೇರೆ ಬೇರೆಯಾಗಿ ಹೋಗಿ ಬಂದರೆ 12 ಮತ್ತು 14, ಒಟ್ಟು 26 ಕಿ.ಮೀ. ಒಂದೇ ಸುತ್ತಿನಲ್ಲಿ ಹೋದರೆ 6+3+7, ಅಂದರೆ 16 ಕಿ.ಮೀ. ಉಳಿತಾಯ 10. ಹೀಗೆ ಪ್ರತಿ ಜೋಡಿ ಅಂಗಡಿಗೂ ಉಳಿತಾಯವನ್ನು ಲೆಕ್ಕಹಾಕಿ, ಅತಿ ಹೆಚ್ಚು ಉಳಿತಾಯದ ಜೋಡಿಯನ್ನು ಮೊದಲು ಸೇರಿಸುವುದು, ಗಾಡಿ ತುಂಬುವ ತನಕ ಹಾಗೆಯೇ ಮುಂದುವರಿಯುವುದು. ಅತ್ಯುತ್ತಮ ದಾರಿಯೇ ಸಿಕ್ಕೀತೆಂಬ ಭರವಸೆ ಇಲ್ಲ. ಆದರೆ ಕೆಲಸಕ್ಕೆ ಬರುವ ಒಳ್ಳೆಯ ದಾರಿ ಬೇಗ ಸಿಗುತ್ತದೆ.

ಬೆಟ್ಟದ ಬೆಲೆ

ಇಲ್ಲಿಯವರೆಗೆ ನಾವು ಕಿಲೋಮೀಟರುಗಳನ್ನು ಮಾತ್ರ ಎಣಿಸಿದೆವು. ನನ್ನ ಹಳೆಯ ವಿದ್ಯಾರ್ಥಿಯೂ ಎಣಿಸಿದ್ದು ಅದನ್ನೇ. ಅವನು ಎಡವಿದ್ದೂ ಅಲ್ಲಿಯೇ.

ಆ ದಿನ ಅವನ ಪಟ್ಟಿಯಲ್ಲಿ ಚಾಮುಂಡಿಬೆಟ್ಟದ ಮೇಲಿನ ಒಂದು ಅಂಗಡಿ ಇತ್ತು. ಅಲ್ಲಿಗೆ ಕೊಡಬೇಕಾದದ್ದು ಕರ್ಪೂರ, ಊದುಬತ್ತಿ, ಎಣ್ಣೆ ಎಲ್ಲ ಸೇರಿ ಸುಮಾರು 50 ಕಿಲೋ. ‘ದೂರದ್ದು ಮೊದ್ಲು ಮುಗಿಸ್ಬಿಡೋಣ, ಹಂಗೇ ತಾಯಿ ದರ್ಶನನೂ ಆಗುತ್ತೆ ಅಂತ ಹೋದೆ ಸಾರ್’ ಎಂದ. ಭಕ್ತಿ ತಪ್ಪಲ್ಲ. ಆದರೆ ಗಾಡಿಯಲ್ಲಿ ಊರಿನ ಉಳಿದ ಅಂಗಡಿಗಳ 400 ಕಿಲೋ ಅಕ್ಕಿ, ಸಕ್ಕರೆ, ಬೇಳೆಯೂ ಬೆಟ್ಟ ಹತ್ತಿ ದರ್ಶನ ಮಾಡಿಕೊಂಡು ಬಂದಿದ್ದವು!

ಕೆರೆಯ ಕಟ್ಟೆಯ ಮೇಲೆ ಕೂತು, ಅವನ ಬಿಲ್ಲು ಪುಸ್ತಕದ ಹಿಂಬದಿಯಲ್ಲೇ ಲೆಕ್ಕ ಮಾಡಿದೆವು. ಗಾಡಿ ಮತ್ತು ಚಾಲಕ ಸೇರಿ 550 ಕಿಲೋ, ಸರಕು 450 ಕಿಲೋ, ಒಟ್ಟು 1000 ಕಿಲೋ ಎಂದುಕೊಂಡೆವು. ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರರ ಗುಣಲಬ್ಧವೇ ಪ್ರಚ್ಛನ್ನ ಶಕ್ತಿ. ನಿಮ್ಮ ಪಾಠಪುಸ್ತಕದ ‘ಎಂ ಜಿ ಎಚ್’ ಇದೇ. 1000 × 9.8 × 300 ಎಂದರೆ 29,40,000 ಜೂಲ್. ನಮ್ಮ ಮನೆಯ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಅಂದರೆ ಕೇವಲ ಎತ್ತರಕ್ಕೆ ಎತ್ತಲು 0.82 ಯೂನಿಟ್ ಬೇಕು.

ಊರಿನ ಅಂಗಡಿಗಳಿಗೆಲ್ಲ ಕೊಟ್ಟು, ಕೊನೆಗೆ 50 ಕಿಲೋ ಮಾತ್ರ ಇಟ್ಟುಕೊಂಡು ಹತ್ತಿದ್ದರೆ? ಆಗ ತೂಕ 600 ಕಿಲೋ. ಬೇಕಾದ ಶಕ್ತಿ 0.49 ಯೂನಿಟ್. ವ್ಯತ್ಯಾಸ 0.33 ಯೂನಿಟ್. ‘ಇಷ್ಟೇ ತಾನೆ?’ ಎನ್ನಬೇಡಿ. ಇಂಥ ಗಾಡಿಯ ಬ್ಯಾಟರಿಯೇ ಸಾಮಾನ್ಯವಾಗಿ 7ರಿಂದ 12 ಯೂನಿಟ್‌ನದು. ಸಮತಟ್ಟಾದ ರಸ್ತೆಯಲ್ಲಿ ಒಂದು ಯೂನಿಟ್‌ಗೆ ಸುಮಾರು 10 ಕಿ.ಮೀ. ಓಡುತ್ತದೆಂದರೂ 0.33 ಯೂನಿಟ್ ಎಂದರೆ ಮೂರಕ್ಕೂ ಹೆಚ್ಚು ಕಿಲೋಮೀಟರು. ಮೋಟಾರಿನಲ್ಲಿ, ತಂತಿಗಳಲ್ಲಿ ಶಾಖವಾಗಿ ಸೋರುವುದನ್ನು ಸೇರಿಸಿದರೆ ಬ್ಯಾಟರಿಯಿಂದ ಹೋಗುವುದು ಇನ್ನೂ ಹೆಚ್ಚು. ಇಳಿಯುವಾಗ ಅದರಲ್ಲಿ ಒಂದು ಪಾಲು ಮರಳಿ ಬರುತ್ತದೆ, ಪೂರ್ತಿ ಅಲ್ಲ.

ಇದರ ಜೊತೆಗೆ, ಬೆಟ್ಟ ಇಳಿದ ಮೇಲೆ ಭಾರವಾದ ಮೂಟೆಗಳನ್ನು ಹೊತ್ತುಕೊಂಡೇ ಅವನು ಊರಿನ ಇನ್ನೊಂದು ತುದಿಗೆ ಹೋಗಿದ್ದ. ರಸ್ತೆಗೂ ಟೈರಿಗೂ ನಡುವಿನ ಉರುಳು ಘರ್ಷಣೆ ತೂಕದ ಜೊತೆಗೇ ಏರುತ್ತದೆ. ಬ್ಯಾಟರಿಗೂ ವಯಸ್ಸಾಗಿತ್ತು. ಕೊಂಡಾಗ 8 ಯೂನಿಟ್ ಹಿಡಿಯುತ್ತಿದ್ದ ಬ್ಯಾಟರಿ ಬಳಸುತ್ತ ಬಳಸುತ್ತ ಅಷ್ಟನ್ನು ಹಿಡಿಯುವುದಿಲ್ಲ. ಹನಿ ಹನಿಗೂಡಿ ಹಳ್ಳವಾದಂತೆ, ಚೂರು ಚೂರು ಖರ್ಚು ಸೇರಿ ಗಾಡಿ ನಿಂತಿತು.

ಪೆಟ್ರೋಲ್ ಗಾಡಿಗೂ ಈ ನಿಯಮಗಳು ಅನ್ವಯಿಸುತ್ತವೆ. ಆದರೆ ಅದು ಬರಿದಾದರೆ ಐದು ನಿಮಿಷದಲ್ಲಿ ಬಂಕಿನಲ್ಲಿ ತುಂಬಿಸಿಕೊಳ್ಳಬಹುದು. ಆದ್ದರಿಂದ ಯಾರೂ ಅಷ್ಟು ಲೆಕ್ಕ ಇಡುತ್ತಿರಲಿಲ್ಲ. ಬ್ಯಾಟರಿ ನಮಗೆ ಲೆಕ್ಕ ಇಡುವುದನ್ನು ಕಲಿಸುತ್ತಿದೆ.

ಇಳಿಜಾರು ತಂದ ಇಕ್ಕಟ್ಟು

ಮೊಬೈಲಿನ ನಕ್ಷೆಯಲ್ಲಿ ದಾರಿ ಕೇಳಿದರೆ ಕ್ಷಣದಲ್ಲಿ ಸಿಗುತ್ತದೆಯಲ್ಲ? ಅಂಥ ಲೆಕ್ಕಗಳ ಮೂಲದಲ್ಲಿ ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರ ಅವರ ಕ್ರಮವಿಧಿ ಇದೆ. 1956ರಲ್ಲಿ ಆಮ್‌ಸ್ಟರ್‌ಡಾಮಿನ ಕಾಫಿ ಅಂಗಡಿಯೊಂದರ ಮುಂದೆ ಕೂತು, ಕಾಗದ ಪೆನ್ಸಿಲ್ ಇಲ್ಲದೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ಅದನ್ನು ಹೊಳೆಯಿಸಿಕೊಂಡೆನೆಂದು ಅವರೇ ಹೇಳಿಕೊಂಡಿದ್ದಾರೆ. 1959ರಲ್ಲಿ ಅದು ಪ್ರಕಟವಾಯಿತು. ಹೊರಟ ಜಾಗದಿಂದ ಅತಿ ಹತ್ತಿರದ ಕೂಡುರಸ್ತೆಯನ್ನು ಮೊದಲು ಖಚಿತಪಡಿಸಿಕೊಳ್ಳುವುದು, ಅಲ್ಲಿಂದ ಮುಂದಿನ ಹತ್ತಿರದ್ದು, ಹೀಗೆ ನೀರು ಹರಡುವಂತೆ ಹರಡುತ್ತ ಹೋಗುವುದು ಅದರ ತಿರುಳು.

ಆದರೆ ಇದಕ್ಕೆ ಒಂದು ಷರತ್ತಿದೆ. ಯಾವ ರಸ್ತೆಯ ಖರ್ಚೂ ಸೊನ್ನೆಗಿಂತ ಕಡಿಮೆ ಇರಬಾರದು. ಕಿಲೋಮೀಟರು ಋಣಸಂಖ್ಯೆ ಆಗುವುದಿಲ್ಲ, ನಿಮಿಷವೂ ಆಗುವುದಿಲ್ಲ. ಆದರೆ ವಿದ್ಯುತ್ ವಾಹನದಲ್ಲಿ ಖರ್ಚು ಋಣ ಆಗಬಲ್ಲದು! ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮೋಟಾರೇ ಡೈನಮೋ ಆಗಿ ತಿರುಗಿ ಬ್ಯಾಟರಿಯನ್ನು ಒಂದಿಷ್ಟು ತುಂಬಿಸುತ್ತದೆ. ಇದನ್ನು ರೀಜನರೇಟಿವ್ ಬ್ರೇಕಿಂಗ್ ಎನ್ನುತ್ತಾರೆ. ಅಂದರೆ ಆ ರಸ್ತೆಯಲ್ಲಿ ಹೋದರೆ ಖರ್ಚಲ್ಲ, ಜಮೆ. ಅಲ್ಲಿಗೆ ಡೈಕ್‌ಸ್ಟ್ರ ವಿಧಾನ ಕೈಕೊಡುತ್ತದೆ.

ಇದಕ್ಕೆ ಸಿಕ್ಕ ಪರಿಹಾರ ಬಹಳ ಚೆಲುವಾದದ್ದು. ಅದರ ಬೀಜ ಡೊನಾಲ್ಡ್ ಜಾನ್ಸನ್ ಎಂಬ ಕಂಪ್ಯೂಟರ್ ವಿಜ್ಞಾನಿ 1977ರಲ್ಲಿ ಕೊಟ್ಟ ಒಂದು ಗಣಿತದ ಜಾಣ್ಮೆಯಲ್ಲಿತ್ತು. 2010ರ ಆಸುಪಾಸಿನಲ್ಲಿ ಜರ್ಮನಿಯ ಸಂಶೋಧಕರು ವಿದ್ಯುತ್ ವಾಹನಗಳ ದಾರಿ ಹುಡುಕುವ ಕೆಲಸಕ್ಕೆ ಅದನ್ನು ಹೊಂದಿಸಿದರು. ಬಿಡಿಸಿ ಹೇಳುತ್ತೇನೆ.

ವಾಹನಕ್ಕೆ ಎರಡು ಉಳಿತಾಯ ಖಾತೆಗಳಿವೆ ಎಂದುಕೊಳ್ಳಿ. ಒಂದು ಬ್ಯಾಟರಿ, ಇನ್ನೊಂದು ಎತ್ತರ. ಬೆಟ್ಟ ಹತ್ತುವಾಗ ಬ್ಯಾಟರಿ ಖಾತೆಯಿಂದ ತೆಗೆದು ಎತ್ತರದ ಖಾತೆಗೆ ಹಾಕುತ್ತೀರಿ. ಇಳಿಯುವಾಗ ಎತ್ತರದ ಖಾತೆಯಿಂದ ತೆಗೆದು ಬ್ಯಾಟರಿಗೆ ಹಾಕುತ್ತೀರಿ. ಪ್ರತಿ ಸಲವೂ ಘರ್ಷಣೆ, ಶಾಖ ಎಂದು ಸ್ವಲ್ಪ ಕಮಿಷನ್ ಕಡಿತವಾಗುತ್ತದೆ. ಎರಡೂ ಖಾತೆಗಳ ಮೊತ್ತ ನೋಡಿದರೆ? ಅದು ಓಡಿದಷ್ಟೂ ಕಡಿಮೆಯಾಗುತ್ತದೆಯೇ ಹೊರತು ಎಂದೂ ಹೆಚ್ಚಾಗುವುದಿಲ್ಲ. ಶಕ್ತಿ ಸಂರಕ್ಷಣಾ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಹಾಗೆ ಆಗುವಂತಿದ್ದರೆ ಚಾಮುಂಡಿಬೆಟ್ಟವನ್ನು ಹತ್ತಿ ಇಳಿದೇ ಬ್ಯಾಟರಿ ತುಂಬಿಸಿಕೊಳ್ಳಬಹುದಿತ್ತು! ಆದ್ದರಿಂದ ಬ್ಯಾಟರಿಯ ಖರ್ಚಿನ ಬದಲು ‘ಎರಡೂ ಖಾತೆಗಳ ಒಟ್ಟು ನಷ್ಟ’ವನ್ನು ಪ್ರತಿ ರಸ್ತೆಗೆ ಬರೆದುಕೊಂಡರೆ ಋಣಸಂಖ್ಯೆಗಳು ಮಾಯ. ಡೈಕ್‌ಸ್ಟ್ರ ವಿಧಾನ ಮತ್ತೆ ಕೆಲಸಕ್ಕೆ ಬರುತ್ತದೆ. ಕಂಪ್ಯೂಟರ್ ವಿಜ್ಞಾನದ ಒಂದು ಕಗ್ಗಂಟನ್ನು ಬಿಡಿಸಿದ್ದು ಒಂಬತ್ತನೇ ತರಗತಿಯ ಭೌತವಿಜ್ಞಾನ ಎಂಬುದು ಸೋಜಿಗವಲ್ಲವೆ?

ಇನ್ನೊಂದು ಸೂಕ್ಷ್ಮವೂ ಉಂಟು. ಬ್ಯಾಟರಿ ಪೂರ್ತಿ ತುಂಬಿದ್ದಾಗ ಇಳಿಜಾರಿನ ಶಕ್ತಿಯನ್ನು ಅದು ಸ್ವೀಕರಿಸಲಾರದು. ಬೆಟ್ಟದ ತುದಿಯಲ್ಲೇ ಚಾರ್ಜಿಂಗ್ ಕೇಂದ್ರವಿದ್ದು ಅಲ್ಲಿ ಪೂರ್ತಿ ತುಂಬಿಸಿಕೊಂಡು ಇಳಿದರೆ, ತುಂಬಿದ ಕೊಡಕ್ಕೆ ನೀರು ಹೊಯ್ದಂತೆ.

ಕೊನೆಯ ಸೀಟಿನ ಕಷ್ಟ

ಇನ್ನು ಚಾರ್ಜಿಂಗ್. ಖಾಲಿ ಬಸ್ಸಿಗೆ ಜನ ಬೇಗ ಬೇಗ ಹತ್ತಿ ಕೂರುತ್ತಾರೆ. ಮುಕ್ಕಾಲು ತುಂಬಿದ ಮೇಲೆ ಹತ್ತುವವರು ಸೀಟು ಹುಡುಕುತ್ತ, ಒಬ್ಬರನ್ನೊಬ್ಬರು ಸರಿಸುತ್ತ ತಡಮಾಡುತ್ತಾರೆ. ಲಿಥಿಯಂ ಬ್ಯಾಟರಿಯಲ್ಲೂ ಹೆಚ್ಚುಕಡಿಮೆ ಹೀಗೆಯೇ. ಸುಮಾರು 80 ಶೇಕಡಾದವರೆಗೆ ಸರಸರನೆ ತುಂಬುತ್ತದೆ, ಆಮೇಲೆ ವಿದ್ಯುತ್ ಪ್ರವಾಹವನ್ನು ತಗ್ಗಿಸಬೇಕಾಗುತ್ತದೆ. ಆದ್ದರಿಂದ ದಿನದ ನಡುವೆ ಫಾಸ್ಟ್ ಚಾರ್ಜ್ ಮಾಡಿಸುವಾಗ ಪೂರ್ತಿ ತುಂಬಿಸಲು ಕಾಯುವುದಕ್ಕಿಂತ, ಉಳಿದ ಕೆಲಸಕ್ಕೆ ಬೇಕಾದಷ್ಟು ಮತ್ತು ಸ್ವಲ್ಪ ಮೀಸಲು ಸೇರಿಸಿ ತುಂಬಿಸಿಕೊಂಡು ಹೊರಡುವುದು ಜಾಣತನ.

ವಾಹನಗಳು ಹಲವಾದರೆ ಲೆಕ್ಕ ಇನ್ನೂ ರಂಗೇರುತ್ತದೆ. ಒಂದು ಗೋದಾಮಿನಲ್ಲಿ 8 ಆಟೋಗಳಿವೆ ಎನ್ನೋಣ. ಪ್ರತಿಯೊಂದಕ್ಕೂ ರಾತ್ರಿ 6 ಯೂನಿಟ್ ಬೇಕು. ಚಾರ್ಜರ್ 3 ಕಿಲೋವಾಟ್‌ನದು, ಅಂದರೆ ತಲಾ 2 ಗಂಟೆ. ಎಂಟನ್ನೂ ಒಟ್ಟಿಗೆ ಸಿಕ್ಕಿಸಿದರೆ 24 ಕಿಲೋವಾಟ್ ಬೇಕು. ಅದಕ್ಕೆ ತಕ್ಕ ದೊಡ್ಡ ಸಂಪರ್ಕ, ಅದಕ್ಕೆ ತಕ್ಕ ಶುಲ್ಕ. ಮೂರು ಮೂರರಂತೆ ಮೂರು ಸರದಿ ಮಾಡಿದರೆ 9 ಕಿಲೋವಾಟ್ ಸಾಕು. ರಾತ್ರಿ 10ಕ್ಕೆ ಶುರುಮಾಡಿದರೆ ಬೆಳಗಿನ ಜಾವ 4ಕ್ಕೆ ಮುಗಿಯುತ್ತದೆ. ಹಾಗಾದರೆ ಮುಂಜಾನೆ ಬೇಗ ಹೊರಡುವ ಗಾಡಿ ಯಾವ ಸರದಿಯಲ್ಲಿರಬೇಕು? ಬೆಟ್ಟದ ಕಡೆ ಹೋಗುವುದಕ್ಕೆ ಹೊಸ ಬ್ಯಾಟರಿಯ ಗಾಡಿ ಕೊಡಬೇಕೆ, ಹಳೆಯದನ್ನೆ? ಯಾವ ಅಂಗಡಿಯವರು ಹನ್ನೊಂದರೊಳಗೆ ಸರಕು ಬೇಕೆನ್ನುತ್ತಾರೆ? ಮೈಕೇಲ್ ಷ್ನೈಡರ್ ಮತ್ತು ಇಬ್ಬರು ಸಂಗಾತಿಗಳು 2014ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಸಮಯದ ಕಟ್ಟುಪಾಡು, ಹೊರುವ ಮಿತಿ, ದಾರಿಯ ನಡುವಿನ ಚಾರ್ಜಿಂಗ್ ಈ ಮೂರನ್ನೂ ಒಂದೇ ಲೆಕ್ಕಕ್ಕೆ ತಂದರು. ಆ ಬಳಿಕ ಇದು ಜಗತ್ತಿನಾದ್ಯಂತ ಬಿರುಸಿನ ಅಧ್ಯಯನ ವಿಷಯವಾಗಿದೆ.

ಇದು ಕೇವಲ ಕಾಗದದ ಲೆಕ್ಕವಲ್ಲ. ಚೀನಾದ ಶೆನ್‌ಝೆನ್ ನಗರ 2017ರ ಕೊನೆಯ ಹೊತ್ತಿಗೆ ತನ್ನ 16,000ಕ್ಕೂ ಹೆಚ್ಚು ನಗರ ಬಸ್ಸುಗಳನ್ನೆಲ್ಲ ವಿದ್ಯುತ್ತಿಗೆ ಬದಲಾಯಿಸಿತು. ನಮ್ಮಲ್ಲೂ ಬೆಂಗಳೂರಿನ ಬಿಎಂಟಿಸಿ ವಿದ್ಯುತ್ ಬಸ್ಸುಗಳನ್ನು ಓಡಿಸುತ್ತಿದೆ. 2023ರಲ್ಲಿ ಕೆಎಸ್‌ಆರ್‌ಟಿಸಿ ಬೆಂಗಳೂರು–ಮೈಸೂರು ನಡುವೆ ಇಂಥ ಬಸ್ಸನ್ನು ರಸ್ತೆಗಿಳಿಸಿತು. ಬಸ್ಸಿನ ದಾರಿ ಮೊದಲೇ ಗೊತ್ತು, ನಿಜ. ಆದರೆ ಯಾವ ಬಸ್ಸು ಎಷ್ಟು ಟ್ರಿಪ್ ಮುಗಿಸಿ ಯಾವಾಗ ಚಾರ್ಜರಿನ ಮುಂದೆ ನಿಲ್ಲಬೇಕು, ಅಷ್ಟು ಹೊತ್ತು ಅದರ ಟ್ರಿಪ್ಪನ್ನು ಯಾವ ಬಸ್ಸು ತುಂಬಬೇಕು ಎಂಬುದನ್ನು ಯಾರಾದರೂ ಲೆಕ್ಕ ಹಾಕಲೇಬೇಕು. ಆ ಲೆಕ್ಕ ತಪ್ಪಿದರೆ ಬಸ್ ನಿಲ್ದಾಣದಲ್ಲಿ ಕಾಯುವವರು ನಾವೇ.

ಮೇಷ್ಟ್ರಿಗೂ ಒಂದು ಪಾಠ

ಆ ಸಂಜೆ ಲೆಕ್ಕ ಮುಗಿಸಿ, ಮರುವಾರದ ಪಟ್ಟಿಗೆ ಮೂರು ಸರಳ ಸೂತ್ರ ಬರೆದುಕೊಂಡೆವು. ಒಂದು, ದಾರಿಗೆ ಅಡ್ಡ ಬಾರದಿದ್ದರೆ ಭಾರದ ಸರಕನ್ನು ಮೊದಲು ಇಳಿಸುವುದು. ಎರಡು, ಎತ್ತರದ ಜಾಗಕ್ಕೆ ಹಗುರಾಗಿ ಹೋಗುವುದು. ಮೂರು, ಬ್ಯಾಟರಿಯಲ್ಲಿ ಐದನೇ ಒಂದು ಭಾಗವನ್ನು ‘ಇಲ್ಲವೇ ಇಲ್ಲ’ ಎಂದುಕೊಳ್ಳುವುದು. ಹತ್ತು ದಿನ ಬಿಟ್ಟು ಅವನು ಮನೆಗೆ ಬಂದ. ಗಾಡಿ ಮತ್ತೆ ನಿಂತಿರಲಿಲ್ಲ. ಎಲ್ಲ ದಿನವೂ ಸೂತ್ರ ನಡೆಯಲಿಲ್ಲವಂತೆ. ಬೆಟ್ಟದ ಅಂಗಡಿಯವರು ಒಂದು ದಿನ ಬೆಳಗ್ಗೆಯೇ ಬೇಕೆಂದರಂತೆ, ಇನ್ನೊಂದು ದಿನ ರಸ್ತೆ ಅಗೆದಿತ್ತಂತೆ. ‘ಆದ್ರೆ ಈಗ ಎಲ್ಲಿ ಖರ್ಚಾಗುತ್ತೆ ಅಂತ ಗೊತ್ತು ಸಾರ್. ಅಂಥ ದಿನ ಮಧ್ಯಾಹ್ನ ಊಟದ ಹೊತ್ತಲ್ಲಿ ಅರ್ಧ ಗಂಟೆ ಚಾರ್ಜಿಗೆ ಹಾಕ್ತೀನಿ’ ಎಂದ. ಹೊರಡುವಾಗ, ‘ಇದು ನೀವು ಒಂಬತ್ತನೇ ಕ್ಲಾಸಲ್ಲಿ ಮಾಡಿದ್ದ ಲೆಕ್ಕ ಅಲ್ವಾ ಸಾರ್? ಆಗ ಯಾಕೆ ಅರ್ಥ ಆಗ್ಲಿಲ್ಲ?’ ಎಂದು ಕೇಳಿದ.

ನನಗೆ ಉತ್ತರ ಗೊತ್ತಿತ್ತು. ಆಗ ನಾನು ಕಟ್ಟಡದ ಮೇಲಿನಿಂದ ಬೀಳುವ ಕಲ್ಲಿನ ಉದಾಹರಣೆ ಕೊಟ್ಟಿದ್ದೆ. ಮೂವತ್ತು ವರ್ಷವೂ ಅದೇ ಕಲ್ಲನ್ನು ಬೀಳಿಸುತ್ತ ಬಂದಿದ್ದೇನೆ. ಆ ಕಲ್ಲಿನಿಂದ ಯಾರ ದಿನದ ಕೂಲಿಯೂ ಹೋಗುವುದಿಲ್ಲ.

ತಂದೆ ತಾಯಂದಿರಲ್ಲಿ ಒಂದು ಮಾತು. ‘ಎಲ್ಲ ಕಂಪ್ಯೂಟರೇ ಮಾಡುತ್ತದೆ, ಮಕ್ಕಳು ಲೆಕ್ಕ ಕಲಿತು ಏನಾಗಬೇಕು?’ ಎಂದು ಕೆಲವರು ಕೇಳುತ್ತಾರೆ. ಕಂಪ್ಯೂಟರ್ ಕೊಟ್ಟ ದಾರಿಯಲ್ಲಿ ಬೆಟ್ಟದ ಎತ್ತರ ಸೇರಿದೆಯೆ, ಸರಕಿನ ತೂಕ ಸೇರಿದೆಯೆ ಎಂದು ಕೇಳಲು ಲೆಕ್ಕ ತಿಳಿದಿರಬೇಕು. ಇಂಥ ಯೋಜನೆಯನ್ನೇ ಅಭ್ಯಾಸ ಮಾಡುವ ‘ಆಪರೇಷನ್ಸ್ ರಿಸರ್ಚ್’ ಎಂಬ ವಿಷಯ ಪದವಿ ತರಗತಿಗಳಲ್ಲಿದೆ. ಗಣಿತ, ವಾಣಿಜ್ಯ, ಎಂಜಿನಿಯರಿಂಗ್ ಯಾವ ಕಡೆಯಿಂದಲೂ ಅದರ ಬಾಗಿಲು ತಟ್ಟಬಹುದು.

ವಿದ್ಯಾರ್ಥಿಗಳಿಗೆ ಈ ಭಾನುವಾರಕ್ಕೊಂದು ಸಮಸ್ಯೆ. ಗೋದಾಮಿನಿಂದ ಕ, ಖ, ಗ ಎಂಬ ಮೂರು ಅಂಗಡಿಗಳಿಗೆ ಕ್ರಮವಾಗಿ 4, 6, 5 ಕಿ.ಮೀ. ದೂರ. ಕ–ಖ ನಡುವೆ 3, ಖ–ಗ ನಡುವೆ 4, ಕ–ಗ ನಡುವೆ 7 ಕಿ.ಮೀ. ಅತಿ ಚಿಕ್ಕ ಸುತ್ತು ಯಾವುದು? ಲೆಕ್ಕ ಹಾಕಿದರೆ ಕ–ಖ–ಗ ಅಥವಾ ಗ–ಖ–ಕ, ಎರಡೂ 16 ಕಿ.ಮೀ. ಎಂದು ಕಾಣುತ್ತದೆ. ಪೆನ್ಸಿಲ್ ಕೆಳಗಿಡಬೇಡಿ. ಖ ಅಂಗಡಿ ದಿಬ್ಬದ ಮೇಲಿದೆ, ಗ ಅಂಗಡಿಯ ಸರಕು ಎಲ್ಲಕ್ಕಿಂತ ಭಾರ. ಈಗ ಹೇಳಿ, ನಿಮ್ಮ ಎಲೆಕ್ಟ್ರಿಕ್ ಆಟೋ ಯಾವ ಕಡೆಯಿಂದ ಹೊರಡಬೇಕು?